ನಲ್ಲಿಯುಳ್ಳ ದ್ರವಗೊಬ್ಬರದ ಡ್ರಮ್: 14 ತಿಂಗಳ ಬಳಕೆಯ ಬಳಿಕ

ಕೈತೋಟದ ಗಿಡಗಳಿಗೆ ಬೇಕಾದ ದ್ರವಗೊಬ್ಬರವನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಲೆಂದು ಮಾರಾಟಕ್ಕಿರುವ 20 ಲೀಟರಿನ ಪ್ಲಾಸ್ಟಿಕ್ ಡ್ರಮ್ ಒಂದನ್ನು ನಾನು 14 ತಿಂಗಳಿನಿಂದ ಬಳಸುತ್ತಿದ್ದೇನೆ. ಹೊರಗಿನ ಡ್ರಮ್ಮು, ಅದರೊಳಗೆ ಕೂರುವ ತೂತುತಳದ ಬಕೆಟ್ಟು, ತಿರುಪಿನ ಮುಚ್ಚಳ, ತಳದ ಬಳಿ ಒಂದು ನಲ್ಲಿ, ಸಣ್ಣ ಗಾಳಿಪಂಪು, ಅದರ ಕೊಳವೆ ಮತ್ತು ಗಾಳಿಗುಳ್ಳೆ ಬಿಡುವ ಕಲ್ಲು, ಕಾಂಪೋಸ್ಟ್ ತುಂಬಲು ಒಂದು ಬಟ್ಟೆಯ ಚೀಲ, ಒಂದು ಪೊಟ್ಟಣ ಕಾಕಂಬಿ ಪುಡಿ ಹಾಗೂ ಎಂಟು ಪುಟಗಳ ಕೈಪಿಡಿ ಇದರ ಜೊತೆಗೆ ಬರುತ್ತವೆ. ಈ ಅವಧಿಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಸಲ ಇದರಲ್ಲಿ ಗೊಬ್ಬರ ಮಾಡಿ, ಹೂವಿನ ಕುಂಡಗಳಿಗೂ ತರಕಾರಿ ಮಡಿಗಳಿಗೂ ಹಾಕಿ ನೋಡಿದ್ದೇನೆ. ಪಾತ್ರೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿದೆ. ಕೈಪಿಡಿಯ ಬಗ್ಗೆ ಇಲ್ಲ. ಅದನ್ನು ಅಕ್ಷರಶಃ ಪಾಲಿಸಿದರೆ ಗಿಡಗಳಿಗೆ ತೊಂದರೆಯಾಗುತ್ತದೆ ಎಂಬುದನ್ನು ಸ್ವಂತ ಸಸಿಗಳನ್ನು ಕಳೆದುಕೊಂಡು ತಿಳಿದುಕೊಂಡಿದ್ದೇನೆ. ಈ ಎರಡನ್ನೂ ಬೇರೆಬೇರೆಯಾಗಿ ವಿವರಿಸುವುದು ಕೊಳ್ಳುವವರಿಗೆ ಉಪಯೋಗವಾದೀತು.

ಮೊದಲು ಒಳಗಿನ ಬಕೆಟ್ಟಿನ ವಿಷಯ, ಏಕೆಂದರೆ ಈ ಸಾಧನದ ನಿಜವಾದ ಪ್ರಯೋಜನ ಇರುವುದು ಅಲ್ಲಿಯೇ. ಸೊಪ್ಪನ್ನು ನೀರಿನಲ್ಲಿ ಕೊಳೆಸಿ ಗೊಬ್ಬರ ಮಾಡಲು ವಾಸ್ತವವಾಗಿ ಯಾವ ವಿಶೇಷ ಪಾತ್ರೆಯೂ ಬೇಕಿಲ್ಲ, ಹಳೆಯ ಬಕೆಟ್ಟೊಂದು ಸಾಕು. ಕಷ್ಟ ಬರುವುದು ಸೋಸುವಾಗ. ಮೂರು ವಾರ ಕೊಳೆತ ಸೊಪ್ಪು ಲೋಳೆಯಂತಾಗಿ, ಬಟ್ಟೆಯಲ್ಲಿ ಹಿಂಡಲು ಹೋದರೆ ಕೈಗೆಲ್ಲ ಅಂಟಿಕೊಳ್ಳುತ್ತದೆ; ಅದರ ವಾಸನೆ ಸಾಬೂನಿಗೆ ಜಗ್ಗದೆ ಮರುದಿನದವರೆಗೂ ಉಳಿಯುತ್ತದೆ. ಮನೆಯಲ್ಲಿ ದ್ರವಗೊಬ್ಬರ ಮಾಡಲು ಹೊರಟ ಅನೇಕರು ಒಂದೇ ಸಲಕ್ಕೆ ಕೈಬಿಡುವುದು ಈ ಹಂತದಲ್ಲಿ ಎಂದು ನನ್ನ ಊಹೆ. ಇಲ್ಲಿ ಹಾಗಿಲ್ಲ. ಸೊಪ್ಪು ಒಳಬಕೆಟ್ಟಿನಲ್ಲಿ ಉಳಿಯುತ್ತದೆ, ನೀರು ತೂತುಗಳ ಮೂಲಕ ಹೊರಡ್ರಮ್ಮಿಗೂ ಒಳಕ್ಕೂ ಆಡುತ್ತಿರುತ್ತದೆ. ಕೆಲಸ ಮುಗಿದ ಮೇಲೆ ಬಕೆಟ್ಟನ್ನು ಹಿಡಿಕೆಯಿಂದ ಮೇಲೆತ್ತಿ ಡ್ರಮ್ಮಿನ ಅಂಚಿನ ಮೇಲಿರುವ ಎರಡು ಕಚ್ಚುಗಳಲ್ಲಿ ಕೂರಿಸಿದರೆ, ಅರ್ಧ ಗಂಟೆಯಲ್ಲಿ ದ್ರವವೆಲ್ಲ ತಾನಾಗಿ ಬಸಿದುಹೋಗುತ್ತದೆ. ಉಳಿದ ಚರಟವನ್ನು ನೇರವಾಗಿ ಕಾಂಪೋಸ್ಟ್ ಗುಂಡಿಗೆ ಸುರಿಯಬಹುದು. ಕೈಗೆ ಒಂದು ಹನಿಯೂ ತಗಲುವುದಿಲ್ಲ. ಈ ಕಚ್ಚುಗಳನ್ನು ಯೋಚಿಸಿ ರೂಪಿಸಿದವರು ಸ್ವತಃ ಗೊಬ್ಬರ ಸೋಸಿದವರೇ ಇರಬೇಕು.

ಕೈಪಿಡಿಯ ಮೊದಲ ತಪ್ಪು ಕಾಣುವುದು ಕಾಲಾವಧಿಯಲ್ಲಿ. ಯಾವ ಸೊಪ್ಪಾದರೂ, ಸಿಪ್ಪೆಯಾದರೂ 48 ಗಂಟೆಗಳಲ್ಲಿ 'ಸಂಪೂರ್ಣ ಪೋಷಕಾಂಶ' ನೀರಿಗೆ ಇಳಿಯುತ್ತದೆ ಎಂದು ಅದು ಹೇಳುತ್ತದೆ. ಇದು ಅರ್ಧ ಮಾತ್ರ ನಿಜ, ಮತ್ತು ಆ ಅರ್ಧ ಯಾವುದು ಎಂಬುದನ್ನು ಅರಿತವರು ತಮ್ಮ ಗೊಬ್ಬರವನ್ನು ಬೇಕಾದ ಹಾಗೆ ಮಾಡಿಕೊಳ್ಳಬಲ್ಲರು. ಸಸ್ಯದ ಒಳಗೆ ಪೊಟ್ಯಾಸಿಯಂ ಯಾವ ಸಾವಯವ ಅಣುವಿನ ಭಾಗವೂ ಆಗದೆ, ಜೀವಕೋಶದ ರಸದಲ್ಲಿ ಕರಗಿದ ಅಯಾನಾಗಿ ಇರುತ್ತದೆ. ಆದ್ದರಿಂದ ಎಲೆಯನ್ನು ಹೆಚ್ಚಿ ನೆನೆಸಿದರೆ ಅದರ ಬಹುಪಾಲು ಒಂದೆರಡು ದಿನಗಳಲ್ಲಿಯೇ ನೀರಿಗೆ ಬರುತ್ತದೆ. ಸಾರಜನಕದ ಸಂಗತಿ ಬೇರೆ. ಅದು ಪ್ರೋಟೀನುಗಳಲ್ಲಿ, ಪತ್ರಹರಿತ್ತಿನಲ್ಲಿ ಬಂಧಿತವಾಗಿರುತ್ತದೆ. ಸೂಕ್ಷ್ಮಜೀವಿಗಳು ಆ ಪ್ರೋಟೀನನ್ನು ಒಡೆದು ಅಮೋನಿಯಂ ರೂಪಕ್ಕೆ ತಂದ ಮೇಲೆಯೇ ನೀರಿನಲ್ಲಿ ಅದು ಗಿಡಕ್ಕೆ ದಕ್ಕುವಂತಾಗುತ್ತದೆ, ಮತ್ತು ಆ ಕೆಲಸಕ್ಕೆ ದಿನಗಳಲ್ಲ, ವಾರಗಳು ಬೇಕು. ಎರಡು ದಿನಕ್ಕೆ ತೆಗೆದ ದ್ರವವನ್ನು ಹಾಕಿದ ಮಡಿಯಲ್ಲಿ ಎಲೆಗಳ ಹಳದಿ ಹಾಗೆಯೇ ಉಳಿದದ್ದಕ್ಕೂ, ಮೂರು ವಾರ ಬಿಟ್ಟು ತೆಗೆದದ್ದನ್ನು ಹಾಕಿದ ಮಡಿಯಲ್ಲಿ ಹತ್ತು ದಿನಗಳೊಳಗೆ ಹೊಸ ಚಿಗುರು ಹಸಿರಾಗಿ ಬಂದದ್ದಕ್ಕೂ ಇದೇ ಕಾರಣವೆಂದು ತಿಳಿಯುತ್ತೇನೆ. ಈಗ ನಾನು ಅನುಸರಿಸುವ ಅಳತೆ ಇಷ್ಟು: ಬೀಜ ಕಟ್ಟುವ ಮೊದಲು ಕೊಯ್ದ ಎಳೆಯ ಸೊಪ್ಪು 1 ಕಿಲೋ, ನೀರು 10 ಲೀಟರ್, ನೆರಳಿನಲ್ಲಿ ಮೂರು ವಾರ, ಎರಡು ದಿನಕ್ಕೊಮ್ಮೆ ಕೋಲಿನಿಂದ ಕಲಕುವುದು. ಹುಲ್ಲು, ದ್ವಿದಳ ಜಾತಿಯ ಗಿಡಗಳ ಚಿಗುರು, ತುರಿಕೆ ಸೊಪ್ಪು ಮೊದಲಾದವುಗಳಲ್ಲಿ ಸಾರಜನಕ ಹೆಚ್ಚು. ಒಣಗಿದ ಎಲೆಗಳಿಂದ ಬಣ್ಣ ಬರುತ್ತದೆಯೇ ಹೊರತು ಗೊಬ್ಬರ ಹೆಚ್ಚು ಬರುವುದಿಲ್ಲ.

ಕಾಮ್‌ಫ್ರಿ ಎಂಬ ಗಿಡದ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಇಂಗ್ಲೆಂಡಿನ ಲಾರೆನ್ಸ್ ಹಿಲ್ಸ್ 1954ರಲ್ಲಿ ಹೆನ್ರಿ ಡಬಲ್‌ಡೇ ಸಂಶೋಧನಾ ಸಂಘವನ್ನು ಕಟ್ಟಿ, ಈ ಗಿಡದ ಬಗೆಗಳನ್ನು ಬೆಳೆಸಿ ಹೋಲಿಸಿ, ಬೀಜದಿಂದ ಹರಡದ ಬಾಕಿಂಗ್ 14 ಎಂಬ ತಳಿಯನ್ನು ಪ್ರಚಾರಕ್ಕೆ ತಂದರು. ಪೊಟ್ಯಾಶ್, ಅಂದರೆ ಪೊಟ್ಯಾಸಿಯಂ, ಹೇರಳವಾಗಿರುವ ಇದರ ಎಲೆಗಳಲ್ಲಿ ನಾರು ಕಡಿಮೆ, ಹೀಗಾಗಿ ನೀರು ಹಾಕದೆಯೇ ಕೊಳೆಸಬಹುದು. ಒಳಬಕೆಟ್ಟಿನಲ್ಲಿ ಎಲೆಗಳನ್ನು ಒತ್ತಿ ತುಂಬಿ, ಮೇಲೆ ಇಟ್ಟಿಗೆಯ ಭಾರವಿಟ್ಟು ಬಿಟ್ಟರೆ ಕೆಲವು ವಾರಗಳಲ್ಲಿ ಕಪ್ಪುಕಂದು ರಸ ಹನಿಹನಿಯಾಗಿ ಡ್ರಮ್ಮಿನ ತಳಕ್ಕಿಳಿಯುತ್ತದೆ, ವಾಸನೆಯೂ ನೀರಿನಲ್ಲಿ ಕೊಳೆಸಿದಾಗಿನಷ್ಟು ಇರುವುದಿಲ್ಲ. ಕೈಪಿಡಿಯಲ್ಲಿ ಈ ವಿಧಾನದ ಪ್ರಸ್ತಾಪವೇ ಇಲ್ಲ; ಆದರೆ ಈ ಡ್ರಮ್ಮಿನ ರಚನೆಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿಲ್ಲ. ಟೊಮೆಟೊ ಗಿಡಗಳು ಕಾಯಿ ಹಿಡಿಯುವ ಹೊತ್ತಿಗೆ ಈ ರಸವನ್ನು 1ಕ್ಕೆ 15 ಭಾಗ ನೀರು ಬೆರೆಸಿ ಕೊಟ್ಟದ್ದು ನನ್ನ ಈವರೆಗಿನ ಪ್ರಯೋಗಗಳಲ್ಲಿ ಅತ್ಯಂತ ತೃಪ್ತಿ ತಂದದ್ದು.

ಇನ್ನು ನಲ್ಲಿ. ಅದನ್ನು ತಳದಿಂದ ಎರಡು ಬೆರಳಿನಷ್ಟು ಮಾತ್ರ ಎತ್ತರದಲ್ಲಿ ಕೂರಿಸಲಾಗಿದೆ. ಕೊನೆಯ ಹನಿಯವರೆಗೂ ದ್ರವ ಸಿಗಲಿ ಎಂಬುದು ಉದ್ದೇಶವಿರಬಹುದು, ಆದರೆ ತಳದಲ್ಲಿ ಇಳಿದು ನಿಲ್ಲುವ ಬಗ್ಗಡದ ಮಟ್ಟವೂ ಸರಿಸುಮಾರು ಅಷ್ಟೇ. ನಾಲ್ಕನೆಯ ಸಲದ ಹೊತ್ತಿಗೆ ನಲ್ಲಿ ಕಟ್ಟಿಕೊಂಡಿತು. ಒಳಗಿನಿಂದ ತಂತಿ ತೂರಿಸಿ ಬಿಡಿಸುವಾಗ ರಬ್ಬರ್ ವಾಷರ್ ಜರುಗಿ, ರಾತ್ರಿಯೆಲ್ಲ ತೊಟ್ಟಿಕ್ಕಿ ಅರ್ಧ ಡ್ರಮ್ ನೆಲದ ಪಾಲಾಯಿತು. ಆಮೇಲೆ ನಾನು ಮಾಡಿಕೊಂಡ ಏರ್ಪಾಡು ಎರಡು. ನಲ್ಲಿಯ ಒಳಬಾಯಿಗೆ ನೈಲಾನ್ ಜಾಲರಿಯ ತುಂಡೊಂದನ್ನು ಮಡಚಿ ಬಿಗಿದು ಕಟ್ಟಿದ್ದೇನೆ, ಮತ್ತು ಡ್ರಮ್ಮನ್ನು ನಲ್ಲಿಯ ಎದುರು ದಿಕ್ಕಿಗೆ ತುಸು ವಾಲುವಂತೆ ಇಟ್ಟಿದ್ದೇನೆ. ಗಸಿಯೆಲ್ಲ ಹಿಂಬದಿಯಲ್ಲಿ ನಿಲ್ಲುತ್ತದೆ. ಅನಂತರ ಒಮ್ಮೆಯೂ ಕಟ್ಟಿಕೊಂಡಿಲ್ಲ. ತಯಾರಕರು ನಲ್ಲಿಯನ್ನು ಇನ್ನು ಮೂರು ಬೆರಳು ಮೇಲಕ್ಕೆ ಕೂರಿಸಿದ್ದರೆ ಇದಾವುದೂ ಬೇಕಿರಲಿಲ್ಲ. ಡ್ರಮ್ಮನ್ನು ಮೊದಲೇ ಎತ್ತರದ ಕಟ್ಟೆಯ ಮೇಲಿಟ್ಟು ತುಂಬಬೇಕೆಂಬುದನ್ನೂ ಸೇರಿಸುತ್ತೇನೆ. ತುಂಬಿದ ಮೇಲೆ ಅದು 20 ಕಿಲೋಗಿಂತ ಹೆಚ್ಚು ತೂಗುತ್ತದೆ, ನೀರಿನ ಕ್ಯಾನು ನಲ್ಲಿಯ ಕೆಳಗೆ ಹಿಡಿಯುವಷ್ಟು ಜಾಗ ಬೇಕು.

ಮುಚ್ಚಳದ ಬಗ್ಗೆ ಕೈಪಿಡಿ 'ಗಾಳಿಯಾಡದಂತೆ ಬಿಗಿಯಿರಿ' ಎನ್ನುತ್ತದೆ. ಹಾಗೆ ಮಾಡಬಾರದು. ಕೊಳೆಯುವಾಗ ಅನಿಲ ಹುಟ್ಟುತ್ತಲೇ ಇರುತ್ತದೆ. ಬಿಗಿದ ಮುಚ್ಚಳ ಉಬ್ಬಿ, ತೆರೆದಾಗ ದ್ರವ ಮುಖಕ್ಕೆ ಚಿಮ್ಮುವ ಅಪಾಯವಿದೆ. ಪೂರ್ತಿ ತೆರೆದಿಡುವುದೂ ಸರಿಯಲ್ಲ, ಏಕೆಂದರೆ ಬೆಚ್ಚಗಿನ ವಾತಾವರಣದಲ್ಲಿ ನಿಂತ ನೀರಿನಲ್ಲಿಟ್ಟ ಸೊಳ್ಳೆಯ ಮೊಟ್ಟೆ ಒಂದೂವರೆ ವಾರದೊಳಗೆ ಹಾರುವ ಸೊಳ್ಳೆಯಾಗುತ್ತದೆ, ನಮ್ಮ ಗೊಬ್ಬರಕ್ಕೆ ಬೇಕಾದದ್ದು ಮೂರು ವಾರ. ಒತ್ತಾದ ಜಾಲರಿ ಬಟ್ಟೆಯನ್ನು ಬಾಯಿಗೆ ಕಟ್ಟಿ, ಅದರ ಮೇಲೆ ಮುಚ್ಚಳವನ್ನು ಸಡಿಲವಾಗಿ ಕೂರಿಸುವುದು ಸಾಕು. ಉಳಿದ ದ್ರವವನ್ನು ಬಾಟಲಿಯಲ್ಲಿ ತುಂಬಿಡುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. 'ತಯಾರಾದ ದ್ರವವನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಿರಿ, ಇದು ಸಾವಯವವಾದ್ದರಿಂದ ಅತಿಯಾಗುವ ಭಯವಿಲ್ಲ' ಎಂಬ ಸಾಲು ಕೈಪಿಡಿಯ ಐದನೆಯ ಪುಟದಲ್ಲಿದೆ. ಈ ಸಾಲನ್ನು ನಂಬಿ, ಮೂರು ವಾರ ಕೊಳೆತ ಹುಲ್ಲಿನ ದ್ರವವನ್ನು ನೀರು ಬೆರೆಸದೆ 30 ಬದನೆ ಸಸಿಗಳಿಗೆ ಹಾಕಿದೆ. ಎರಡನೆಯ ದಿನ ಎಲೆಯ ಅಂಚುಗಳು ಸುಟ್ಟಂತೆ ಕಂದಾದವು. ನಾಲ್ಕನೆಯ ದಿನ ಸಸಿಗಳು ಬಾಡಿದವು. ನೀರಿಲ್ಲದೆ ಬಾಡಿವೆಯೆಂದು ತಿಳಿದು ಮತ್ತೆ ನೀರು ಹಾಕಿದೆ, ಉಳಿದದ್ದು ಆರು. ಕಿತ್ತು ನೋಡಿದರೆ ಬಿಳಿಯಾಗಿರಬೇಕಿದ್ದ ಬೇರುಗಳ ತುದಿ ಕಪ್ಪಾಗಿತ್ತು. ಅಮೋನಿಯಂ ಹೆಚ್ಚಿದ ದ್ರವ ಎಳೆಯ ಬೇರಿಗೆ ವಿಷದಂತೆಯೇ; ಜೊತೆಗೆ, ದ್ರವದಲ್ಲಿ ಲವಣಾಂಶ ಬೇರಿನೊಳಗಿನದಕ್ಕಿಂತ ಹೆಚ್ಚಾದಾಗ ಬೇರು ನೀರನ್ನು ಹೀರಲಾರದೆ, ಒದ್ದೆ ಮಣ್ಣಿನಲ್ಲಿಯೇ ಗಿಡ ಬಾಡುತ್ತದೆ. ಆ ಲವಣ ಗೊಬ್ಬರದ ಚೀಲದಿಂದ ಬಂದಿತೋ ಸೊಪ್ಪಿನಿಂದ ಬಂದಿತೋ ಎಂಬ ಭೇದ ಬೇರಿಗೆ ತಿಳಿಯುವುದಿಲ್ಲ. ಬೀಜ ಹಾಕಿ, ಮೊಳಕೆ ಎಬ್ಬಿಸಿ, ಒಂದೂವರೆ ತಿಂಗಳು ಕಾಪಾಡಿಕೊಂಡು ಬಂದ ಸಸಿಗಳನ್ನು ಹೀಗೆ ಒಂದು ತಪ್ಪು ಸಾಲಿನಿಂದಾಗಿ ಕಳೆದುಕೊಳ್ಳುವುದು ದುಃಖದ ಸಂಗತಿ, ಮತ್ತು ಮಾರುವವರು ಇದರ ಹೊಣೆಯನ್ನು ಹೊರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಅವರಿಗೆ ಬರೆದು ತಿಳಿಸಿದ್ದೇನೆ, ಉತ್ತರ ಬಂದಿಲ್ಲ.

ಆಗಿನಿಂದ ನಾನು ಪಾಲಿಸುವ ಕ್ರಮವೆಂದರೆ, ನೀರಿನಲ್ಲಿ ಕೊಳೆಸಿದ ಯಾವುದೇ ಸೊಪ್ಪಿನ ದ್ರವಕ್ಕೆ ಹತ್ತು ಪಾಲು ನೀರು, ಸಸಿಗಳಿಗಾದರೆ ಇಪ್ಪತ್ತು ಪಾಲು. ಬೆರೆಸಿದ ಮೇಲೆ ಅದು ಹಾಲಿಲ್ಲದ ತಿಳಿಚಹದ ಬಣ್ಣಕ್ಕೆ ಬರಬೇಕು. ಬಣ್ಣವನ್ನು ಮಾತ್ರ ನೆಚ್ಚಿಕೊಳ್ಳಲು ಮನಸ್ಸಿಲ್ಲದವರು ದ್ರವದ ವಿದ್ಯುತ್ ವಾಹಕತೆಯನ್ನು ಅಳೆಯುವ, ಪೆನ್ನಿನಾಕಾರದ ಚಿಕ್ಕ ಮೀಟರನ್ನು ಇಟ್ಟುಕೊಳ್ಳಬಹುದು. ನನ್ನ ಹುಲ್ಲಿನ ದ್ರವವನ್ನು ಬೆರೆಸುವ ಮೊದಲು ಅದರಲ್ಲಿ ಅದ್ದಿದಾಗ ಬಂದ ಅಂಕಿ, ಸಸಿಗಳು ಸಹಿಸುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಆ ಮೀಟರು ಕರಗಿದ ಲವಣಗಳ ಒಟ್ಟು ಮೊತ್ತವನ್ನು ಹೇಳುತ್ತದೆ, ಅದರಲ್ಲಿ ಯಾವ ಪೋಷಕಾಂಶ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಆದರೂ ಬೇರು ಸುಡದಂತೆ ಕಾಯಲು ಅಷ್ಟು ಸಾಕು. ಒಣಗಿದ ಮಣ್ಣಿಗೆ ಹಾಕದೆ, ಮೊದಲು ಬರೀ ನೀರು ಕೊಟ್ಟು ಆಮೇಲೆ ಹಾಕುವುದು ಇನ್ನೂ ಕ್ಷೇಮ.

ಗಾಳಿಪಂಪಿನ ಭಾಗವನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು, ಏಕೆಂದರೆ ಜಾಹೀರಾತಿನಲ್ಲಿ ಹೆಚ್ಚು ಹೊಗಳಿರುವುದು ಅದನ್ನೇ. ಚೆನ್ನಾಗಿ ಮಾಗಿದ ಕಾಂಪೋಸ್ಟನ್ನು ಬಟ್ಟೆಚೀಲದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟು, ಒಂದು ದಿನ ಗಾಳಿಯಾಡಿಸಿ, ಬಂದ ಕಂದು ನೀರನ್ನು, ಅಂದರೆ 'ಕಾಂಪೋಸ್ಟ್ ಟೀ'ಯನ್ನು, ಗಿಡಗಳಿಗೆ ಹಾಕುವ ವಿಧಾನವಿದು. ಗಾಳಿ ಏಕೆ ಬೇಕೆಂದರೆ, ನೀರಿನಲ್ಲಿ ಕರಗುವ ಆಮ್ಲಜನಕವೇ ಬಹಳ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ. ಕಾಂಪೋಸ್ಟಿನ ಸೂಕ್ಷ್ಮಜೀವಿಗಳು ಅಷ್ಟನ್ನು ಬೇಗನೆ ಬಳಸಿ ಮುಗಿಸುತ್ತವೆ, ಬಳಿಕ ಆಮ್ಲಜನಕ ಬೇಡದ ಜೀವಿಗಳ ಕೈ ಮೇಲಾಗಿ ಕೊಳೆತ ಮೊಟ್ಟೆಯ ವಾಸನೆ ಹೊಮ್ಮುತ್ತದೆ. ಪಂಪು ತನ್ನ ಕೆಲಸವನ್ನು ಸದ್ದಿಲ್ಲದೆ, ಸರಿಯಾಗಿ ಮಾಡುತ್ತದೆ. ಒಂದು ದಿನದ ಬಳಿಕವೂ ನೀರು ನಾರುತ್ತಿರಲಿಲ್ಲ, ಮಳೆ ಬಿದ್ದ ಮಣ್ಣಿನಂತೆ ಘಮವಾಗಿಯೇ ಇತ್ತು. ಆದರೆ ಇದು ಗೊಬ್ಬರವೆಂಬ ಅರ್ಥದಲ್ಲಿ ತೀರಾ ತೆಳು. ಒಂದು ಚೀಲ ಕಾಂಪೋಸ್ಟಿನಿಂದ ಒಂದು ದಿನದಲ್ಲಿ ನೀರಿಗಿಳಿಯುವ ಪೋಷಕಾಂಶ, ಅದೇ ಕಾಂಪೋಸ್ಟನ್ನು ನೇರವಾಗಿ ಬುಡಕ್ಕೆ ಹರಡಿದಾಗ ಕ್ರಮೇಣ ದೊರೆಯುವುದಕ್ಕಿಂತ ಎಷ್ಟೋ ಕಡಿಮೆ. ಎಲೆರೋಗಗಳನ್ನು ಇದು ತಡೆಯುತ್ತದೆ ಎಂಬ ಕೈಪಿಡಿಯ ಭರವಸೆಯನ್ನು ನಾನು ಒಪ್ಪಲಾರೆ: ಈ ಕುರಿತ ಪ್ರಯೋಗಗಳ ಫಲಿತಾಂಶ ಒಂದೇ ರೀತಿಯಾಗಿಲ್ಲ, ನನ್ನ ಸೌತೆಬಳ್ಳಿಗಳ ಮೇಲೆ ಬಂದ ಬೂದಿರೋಗವೂ ಸಿಂಪಡಿಸಿದ ಸಾಲಿನಲ್ಲಿ, ಸಿಂಪಡಿಸದ ಸಾಲಿನಲ್ಲಿ ಒಂದೇ ತೆರನಾಗಿ ಹರಡಿತು.

ಕಾಕಂಬಿ ಪುಡಿಯ ಪೊಟ್ಟಣವನ್ನು ಬಳಸಬೇಡಿರೆಂದು ಕೇಳಿಕೊಳ್ಳುತ್ತೇನೆ, ಅದರಲ್ಲಿಯೂ ಹಸಿಯಾಗಿ ತಿನ್ನುವ ಸೊಪ್ಪುತರಕಾರಿಗಳಿಗೆ ಈ ನೀರನ್ನು ಹಾಕುವವರು. ಸಕ್ಕರೆಯ ಅಂಶ ಸೇರಿದಾಗ ಒಳ್ಳೆಯ ಸೂಕ್ಷ್ಮಜೀವಿಗಳ ಜೊತೆಗೆ, ಕಾಂಪೋಸ್ಟಿನಲ್ಲಿ ಅಲ್ಪಸ್ವಲ್ಪ ಉಳಿದಿರಬಹುದಾದ ಇ. ಕೋಲಿ, ಸಾಲ್ಮೊನೆಲ್ಲಾ ಮುಂತಾದ ರೋಗಕಾರಕಗಳೂ ವೃದ್ಧಿಯಾಗಬಲ್ಲವು. ಅಮೆರಿಕದ ರಾಷ್ಟ್ರೀಯ ಸಾವಯವ ಮಾನದಂಡ ಮಂಡಳಿಯ ಕಾಂಪೋಸ್ಟ್ ಟೀ ಕಾರ್ಯಪಡೆ 2004ರ ವರದಿಯಲ್ಲಿ ಇಂತಹ ಸೇರ್ಪಡೆಗಳ ಬಗ್ಗೆ ಎಚ್ಚರಿಸಿದೆ. ಹಸಿ ಸಗಣಿಯನ್ನು ಈ ಡ್ರಮ್ಮಿನಲ್ಲಿ ಕದಡಿ ತರಕಾರಿಗೆ ಹಾಕುವುದು ಕೂಡ ಇದೇ ಕಾರಣಕ್ಕೆ ಸಲ್ಲದು. ಅದೇ ದೇಶದ ಸಾವಯವ ನಿಯಮಗಳಲ್ಲಿ ಹಸಿ ಸಗಣಿ ಹಾಕಿದ ಮಣ್ಣಿಗೆ ತಾಗಿ ಬೆಳೆಯುವ ಫಸಲಿಗೆ ಕೊಯ್ಲಿನ ಮುನ್ನ 120 ದಿನ, ತಾಗದ ಫಸಲಿಗೆ 90 ದಿನ ಅಂತರವಿರಬೇಕೆಂದು ವಿಧಿಸಿರುವುದು ಸುಮ್ಮನೆ ಅಲ್ಲ. ನಾನು ಸೊಪ್ಪಿನ ಮಡಿಗಳಿಗೆ ಎಲೆಯ ಮೇಲೆ ಎಂದೂ ಸಿಂಪಡಿಸುವುದಿಲ್ಲ, ಬುಡದ ಮಣ್ಣಿಗೆ ಮಾತ್ರ ಹಾಕುತ್ತೇನೆ.

ಪಂಪಿನ ವಿಷಯದಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಒಂದು ಲೋಪವೂ ಇದೆ. ಪಂಪನ್ನು ಡ್ರಮ್ಮಿನ ಪಕ್ಕ ನೆಲದ ಮೇಲಿಟ್ಟ ಚಿತ್ರವನ್ನು ಕೈಪಿಡಿಯಲ್ಲಿ ಮುದ್ರಿಸಿದ್ದಾರೆ. ವಿದ್ಯುತ್ ಹೋದಾಗ ಕೊಳವೆಯ ಮೂಲಕ ನೀರು ಹಿಮ್ಮುಖವಾಗಿ ಹರಿದು ಪಂಪಿನೊಳಗೆ ಇಳಿಯಬಹುದು. ವಿದ್ಯುತ್ ಮರಳಿದಾಗ ಏನಾಗುತ್ತದೆ ಎಂಬುದನ್ನು ಹೇಳಬೇಕಿಲ್ಲ. ಪಂಪು ನೀರಿನ ಮಟ್ಟಕ್ಕಿಂತ ಮೇಲಿರಬೇಕು, ಇಲ್ಲವೇ ಕೊಳವೆಯ ನಡುವೆ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ವಾಲ್ವ್ ಇರಬೇಕು. ಮೀನಿನ ತೊಟ್ಟಿಯ ಸಾಮಾನು ಮಾರುವಲ್ಲೆಲ್ಲ ಸಿಗುವ ಆ ವಾಲ್ವನ್ನು ಇವರು ಪೆಟ್ಟಿಗೆಯಲ್ಲಿ ಏಕೆ ಇಟ್ಟಿಲ್ಲವೋ ನನಗೆ ಅರ್ಥವಾಗಿಲ್ಲ.

ನೀರಿನ ಬಗ್ಗೆ ಎರಡು ಮಾತು. ಕೊಳಾಯಿ ನೀರಿನಲ್ಲಿ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕ್ಲೋರಿನ್ ಇದ್ದರೆ ಒಂದು ರಾತ್ರಿ ತೆರೆದಿಟ್ಟು, ಅಥವಾ ಒಂದು ಗಂಟೆ ಪಂಪು ಹಾಯಿಸಿ ಬಳಸಬಹುದು. ಕೆಲವು ಕಡೆ ಕ್ಲೋರಿನ್ ಬದಲು ಕ್ಲೋರಮೈನ್ ಬೆರೆಸುತ್ತಾರೆ, ಅದು ಹಾಗೆ ಹಾರಿಹೋಗುವುದಿಲ್ಲ. ಅಂಥಲ್ಲಿ ಮಳೆನೀರೇ ಉತ್ತಮ.

ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಎಲ್ಲ ಗಿಡಗಳಿಗೂ ಸಾಕೆಂದು ಡ್ರಮ್ಮಿನ ಮೇಲೆಯೇ ಚಿತ್ರಸಹಿತ ಅಚ್ಚು ಹಾಕಿದ್ದಾರೆ. ಆ ನೀರಿನಲ್ಲಿ ಪೊಟ್ಯಾಶ್ ಇರುತ್ತದೆ, ಸಾರಜನಕ ಬಹಳ ಕಡಿಮೆ. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಮುಂದಿಟ್ಟು, ಯುಸ್ಟುಸ್ ಫಾನ್ ಲೀಬಿಗ್ ಹತ್ತೊಂಬತ್ತನೆಯ ಶತಮಾನದ ನಡುವೆ ಜನಪ್ರಿಯಗೊಳಿಸಿದ, ಗಿಡದ ಬೆಳವಣಿಗೆ ಎಲ್ಲಕ್ಕಿಂತ ಕೊರತೆಯಿರುವ ಪೋಷಕಾಂಶಕ್ಕೇ ಸೀಮಿತವಾಗುತ್ತದೆ ಎಂಬ ನಿಯಮವನ್ನು ವಿವರಿಸಲು ಮರದ ಪೀಪಾಯಿಯ ಚಿತ್ರವನ್ನು ಕೃಷಿಪಾಠಗಳಲ್ಲಿ ಬರೆಯುತ್ತಾರೆ: ಪೀಪಾಯಿಯ ಹಲಗೆಗಳಲ್ಲಿ ಯಾವುದು ಎಲ್ಲಕ್ಕಿಂತ ಗಿಡ್ಡವೋ ಅದರ ಎತ್ತರದವರೆಗೆ ಮಾತ್ರ ನೀರು ನಿಲ್ಲುತ್ತದೆ, ಉಳಿದವು ಎಷ್ಟು ಉದ್ದವಿದ್ದರೂ ವ್ಯರ್ಥ. ಸಾರಜನಕಕ್ಕೆ ಹಸಿದ ಗಿಡಕ್ಕೆ ಪೊಟ್ಯಾಶ್ ಸುರಿಯುವುದು ಉದ್ದ ಹಲಗೆಗೆ ಇನ್ನಷ್ಟು ಹಲಗೆ ಜೋಡಿಸಿದಂತೆ. ಸಿಪ್ಪೆಯನ್ನು ಕಾಂಪೋಸ್ಟಿಗೆ ಹಾಕುವುದೇ ಮೇಲು.

ಸೊಪ್ಪನ್ನು ಹೊರಗಿನಿಂದ ತರುವವರು ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ಅಮೈನೋಪೈರಾಲಿಡ್, ಕ್ಲೋಪೈರಾಲಿಡ್ ಮೊದಲಾದ ಕಳೆನಾಶಕಗಳು ಹುಲ್ಲಿನಲ್ಲಿ, ಆ ಹುಲ್ಲು ಮೇಯ್ದ ದನದ ಸಗಣಿಯಲ್ಲಿ, ಆ ಸಗಣಿಯ ಕಾಂಪೋಸ್ಟಿನಲ್ಲಿಯೂ ತಿಂಗಳುಗಟ್ಟಲೆ ಉಳಿಯಬಲ್ಲವು; ಹುಲ್ಲಿಗೆ ಏನೂ ಆಗದ ಪ್ರಮಾಣ ಟೊಮೆಟೊ, ಹುರುಳಿಕಾಯಿ ಗಿಡಗಳ ಚಿಗುರನ್ನು ಸುರುಟಿಸಿಬಿಡುತ್ತದೆ. ಎರಡು ಕುಂಡಗಳಲ್ಲಿ ಹುರುಳಿಕಾಯಿ ಬೀಜ ಹಾಕಿ, ಒಂದಕ್ಕೆ ನೀರು ಬೆರೆಸಿದ ಗೊಬ್ಬರವನ್ನೂ ಇನ್ನೊಂದಕ್ಕೆ ಬರೀ ನೀರನ್ನೂ ಕೊಟ್ಟು ಮೂರು ವಾರ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ಡ್ರಮ್ಮಿನ ಪ್ಲಾಸ್ಟಿಕ್ ದಪ್ಪವಾಗಿದೆ, ತಳದಲ್ಲಿ ಗಟ್ಟಿ ಪಾಲಿಥೀನನ್ನು ಸೂಚಿಸುವ 2 ಎಂಬ ಅಂಕಿಯಿದೆ. ನೆರಳಿನಲ್ಲಿರುವುದರಿಂದ ಬಿರುಕು ಬಿಟ್ಟಿಲ್ಲ. ಬಿಸಿಲಿನಲ್ಲಿ ಬಿಟ್ಟ ಮುಚ್ಚಳದ ಬಣ್ಣ ಮಾತ್ರ ಮಂಕಾಗಿದೆ. ಬಟ್ಟೆಚೀಲ ಆರನೆಯ ಬಳಕೆಗೆ ಹೊಲಿಗೆ ಬಿಟ್ಟಿತು. ಹಳೆಯ ದಿಂಬಿನ ಗವಸು ಅದರ ಜಾಗಕ್ಕೆ ಬಂದಿದೆ.

ಇಪ್ಪತ್ತು ಮೂವತ್ತು ಕುಂಡಗಳೋ ನಾಲ್ಕೈದು ಮಡಿಗಳೋ ಇದ್ದು, ಮನೆಯ ಕಿಟಕಿಯಿಂದ ದೂರ ನೆರಳಿನ ಜಾಗವಿರುವವರಿಗೆ ಈ ಡ್ರಮ್ಮನ್ನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಪಂಪಿಲ್ಲದ ಬಗೆ ಸಿಗುವುದಾದರೆ ಅದೇ ಸಾಕು. ಬಾಲ್ಕನಿಯಲ್ಲಿ ಐದಾರು ಕುಂಡಗಳನ್ನಿಟ್ಟವರಿಗೆ ಇದು ಬೇಡ. 1 ಲೀಟರ್ ದ್ರವ 11 ಲೀಟರ್ ಆಗುವಾಗ, ಒಂದು ಡ್ರಮ್ಮಿನ ಗೊಬ್ಬರವನ್ನು ಅವರು ತಿಂಗಳಾದರೂ ಮುಗಿಸಲಾರರು, ವಾಸನೆ ಮಾತ್ರ ನೆರೆಹೊರೆಗೆಲ್ಲ ಹಂಚಿಕೆಯಾಗುತ್ತದೆ. ಈಗಾಗಲೇ ಕೊಂಡಿರುವವರು ಕೈಪಿಡಿಯ ಐದನೆಯ ಪುಟದ ಆ ಸಾಲನ್ನು ಹೊಡೆದುಹಾಕಿ, ಅದರ ಮೇಲೆ '1ಕ್ಕೆ 10, ಸಸಿಗಾದರೆ 1ಕ್ಕೆ 20' ಎಂದು ಬರೆದಿಟ್ಟುಕೊಳ್ಳಲಿ. ನನ್ನ ಡ್ರಮ್ಮಿನ ಮುಚ್ಚಳದ ಮೇಲೆ ಬಣ್ಣದಲ್ಲಿ ಹಾಗೆಯೇ ಬರೆದಿದ್ದೇನೆ.